ಬಿಸಿ ಹೊರಗೆ ಹಾಕುವ ಭಾವ

ನಮ್ಮ ಅಕ್ಕನ ಗಂಡನಿಗೆ ಏಸಿ ಭಾವ ಎಂದು ಹೆಸರಿಟ್ಟವಳು ನಾನೇ. ಎದುರಿಗೆ ಬರೀ ಭಾವ ಎನ್ನುತ್ತೇನೆ, ಬೆನ್ನ ಹಿಂದೆ ಪೂರ್ತಿ ಹೆಸರು. ಮನೆ, ಅಂಗಡಿ, ಕಚೇರಿಗಳಿಗೆ ಏಸಿ ಕೂರಿಸುವುದು ಅವರ ಕಸುಬು. ಕಸುಬಿನಲ್ಲಿ ಅವರತ್ತ ಬೊಟ್ಟು ಮಾಡುವ ಹಾಗಿಲ್ಲ. ಅವರು ಏಸಿ ಹಾಕಿದ ಕೋಣೆಯಲ್ಲಿ ಕೂತರೆ ಕಂಬಳಿ ಹೊದೆಯಬೇಕು. ಆದರೆ ಹೊರಗಡೆ ಗೋಡೆಗೆ ಒಂದು ಪೆಟ್ಟಿಗೆ ಇರುತ್ತದಲ್ಲ, ಬಿಸಿ ಗಾಳಿ ಉಗುಳುವಂಥದ್ದು, ಅದನ್ನು ಮಾತ್ರ ಅವರು ತಮಗೆ ಎಲ್ಲಿ ಏಣಿ ಹಾಕಲು ಸುಲಭವೋ ಅಲ್ಲಿ ಬಡಿದು ಬರುತ್ತಾರೆ. ಅದು ಯಾರ ಕಿಟಕಿಗೆ ಊದುತ್ತದೆ, ಯಾರ ಮುಖಕ್ಕೆ ಊದುತ್ತದೆ ಎಂಬುದು ಅವರ ಲೆಕ್ಕಕ್ಕೆ ಬರುವ ವಿಷಯವಲ್ಲ. ಕೇಳಿದವರಿಗೆಲ್ಲ ಒಂದೇ ಮಾತು: "ಬಿಸಿ ಎಲ್ಲೂ ಮಾಯ ಆಗಲ್ಲ ರೀ. ಹೊರಗೆ ಹಾಕ್ಬೇಕು, ಅಷ್ಟೇ."

ಹೊರಗೆ ಎಂದರೆ ಏನೆಂದು ನನ್ನ ಅಡುಗೆಮನೆಯನ್ನು ಕೇಳಬೇಕು. ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ನಡುವೆ ಒಬ್ಬರು ಓರೆಯಾಗಿ ದಾಟುವಷ್ಟು ಓಣಿ. ಅವರ ಮಲಗುವ ಕೋಣೆಯ ಪೆಟ್ಟಿಗೆ ನೇರವಾಗಿ ನನ್ನ ಒಲೆಯ ಮೇಲಿನ ಕಿಟಕಿಗೆ ಊದುತ್ತದೆ. ಒಮ್ಮೆ ಹೇಳಿದ್ದಕ್ಕೆ, "ಚಳಿಗಾಲದಲ್ಲಿ ನಂಗೆ ಥ್ಯಾಂಕ್ಸ್ ಹೇಳ್ತೀಯ ನೋಡು" ಎಂದರು. ಚಳಿಗಾಲದಲ್ಲಿ ಅವರು ಏಸಿ ಹಾಕುವುದೇ ಇಲ್ಲ.

ಇಂಥವರು ಐವತ್ತು ದಾಟಿದ ಮೇಲೆ ದೂರಪ್ರಯಾಣದ ದೊಡ್ಡ ಮೋಟಾರ್‌ಸೈಕಲ್ ಕೊಂಡರು. ಅದು ಎಮ್ಮೆಯಷ್ಟು ಅಗಲ. ಎರಡೂ ಪಕ್ಕ ಪೆಟ್ಟಿಗೆ, ಹಿಂದೆ ಒರಗಿಕೊಳ್ಳಲು ದಿಂಬು. ಕೊಂಡ ವಾರವೇ ಊರಿನ ಸವಾರರ ಸಂಘಕ್ಕೂ ಸೇರಿದರು. ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಹತ್ತಿರ ಹೊಟ್ಟೆ ಬಂದ ಗಂಡಸರೆಲ್ಲ ಕಪ್ಪು ಜಾಕೆಟ್ ತೊಟ್ಟು ನಿಲ್ಲುತ್ತಾರಲ್ಲ, ಅದೇ ಸಂಘ.

ಗಾಡಿಗೆ ಒಂದೇ ಕಾಯಿಲೆ, ಎಂಜಿನ್ನಿನ ಬಿಸಿ. ತೆರೆದ ರಸ್ತೆಯಲ್ಲಿ ಗಾಳಿ ಹೊಡೆದುಕೊಂಡು ಹೋಗುತ್ತದೆ, ಗೊತ್ತಾಗುವುದಿಲ್ಲ. ಊರೊಳಗೆ ಸಿಗ್ನಲಿಗೆ ನಿಂತರೆ ರೇಡಿಯೇಟರಿನ ಫ್ಯಾನ್ ಬುಸುಗುಟ್ಟುತ್ತಾ ಬಿಸಿಯನ್ನೆಲ್ಲ ಸವಾರನ ಬಲತೊಡೆಗೆ ಬಿಡುತ್ತದೆ. ಸಂಘದವರೆಲ್ಲ ಇದಕ್ಕೆ ತಮಗೆ ತಿಳಿದ ಉಪಾಯ ಹೇಳಿದರು. ಸಿಗ್ನಲಿನಲ್ಲಿ ಎಂಜಿನ್ ಆರಿಸು, ಕೂಲೆಂಟ್ ಬದಲಿಸು, ದಪ್ಪ ಪ್ಯಾಂಟ್ ಹಾಕು, ಮರದ ನೆರಳು ಸಿಕ್ಕಲ್ಲಿ ನಿಲ್ಲಿಸಿ ಗಾಡಿಗೂ ನಿನಗೂ ಉಸಿರು ಬಿಡಲು ಹೊತ್ತು ಕೊಡು. ಭಾವನಿಗೆ ಮೈಯೆಲ್ಲ ಉರಿದುಹೋಯಿತು. "ಇವರು ನಂಗೆ ಬಿಸಿ ಬಗ್ಗೆ ಪಾಠ ಹೇಳ್ತಾರಾ? ನನ್ನ ಹೊಟ್ಟೆಪಾಡೇ ಅದು!"

ರಜೆ ಹಾಕಿ ಶೆಡ್ಡು ಸೇರಿದರು. ಏಸಿ ಕೆಲಸದಲ್ಲಿ ಉಳಿದ ತಗಡು ಕತ್ತರಿಸಿ ಎಂಜಿನ್ನಿಗೂ ತೊಡೆಗೂ ನಡುವೆ ಗೋಡೆ ಕಟ್ಟಿದರು. ಹೊಗೆ ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತಿದರು. ಫ್ಯಾನಿನ ಬಿಸಿ ಗಾಳಿಯನ್ನು ಹಿಡಿದು ಸೀಟಿನ ಕೆಳಗಿಂದ ಹಿಂದಕ್ಕೆ ಒಯ್ಯಲು ತಗಡಿನದೇ ಒಂದು ನಾಳ ಮಾಡಿದರು. ಮೊದಲ ಸವಾರಿ ಮುಗಿಸಿ ಬಂದವರು ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಿ ನನ್ನ ಕಿಟಕಿಗೆ ಕೂಗಿದರು: "ಐಸು ಕಣಮ್ಮ, ಐಸು! ತೊಡೆ ಮುಟ್ಟಿ ನೋಡಿದ್ರೆ ತಣ್ಣಗಿದೆ!"

ಹಿಂದೆ ಕೂತಿದ್ದ ಅಕ್ಕ ಇಳಿದು ಏನೂ ಹೇಳದೆ ಒಳಗೆ ಹೋದಳು. ನಾನೂ ಅದನ್ನು ದೊಡ್ಡದು ಮಾಡಲಿಲ್ಲ. ನಮ್ಮಕ್ಕ ಮೊದಲಿನಿಂದಲೂ ಮಾತು ಕಮ್ಮಿ, ಅದು ಭಾವನಿಗೆ ಚೆನ್ನಾಗಿ ಒಗ್ಗಿಹೋಗಿದೆ.

ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಒಂದು ಮಧ್ಯಾಹ್ನ ಅಕ್ಕ ಬಂದು ಸುಟ್ಟಗಾಯದ ಮುಲಾಮು ಕೇಳಿದಳು.

"ಏನಾಯ್ತೇ?"

"ಬಾಣಲೆ ತಗುಲ್ತು."

ಕೊಟ್ಟೆ. ಸ್ವಲ್ಪ ದಿನಕ್ಕೆ ಮತ್ತೆ ಬಂದಳು, ಮತ್ತೆ ಬಾಣಲೆ. ಮೂರನೇ ಸಲ ನಾನು ಕೌಂಟರ್ ಬಿಟ್ಟು ಈಚೆ ಬಂದು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಉಟ್ಟ ಸೀರೆ ಸರಿಸಿ ನೋಡಿದೆ. ಬಲಗಾಲಿನ ಮೀನಖಂಡದ ಒಳಬದಿ ಅಂಗೈಯಗಲ ಕೆಂಪಗೆ ಬೊಬ್ಬೆ ಎದ್ದಿತ್ತು. ಯಾವ ಬಾಣಲೆ ಅಲ್ಲಿಗೆ ಹೋಗಿ ತಗುಲುತ್ತದೆ? ಸಂಜೆ ಶೆಡ್ಡಿಗೆ ಹೋಗಿ ಬಗ್ಗಿ ನೋಡಿದೆ. ಭಾವನ ನಾಳದ ಬಾಯಿ ಹಿಂದಿನ ಸವಾರರು ಕಾಲಿಡುವ ಜಾಗದ ಪಕ್ಕದಲ್ಲೇ ತೆರೆದುಕೊಂಡಿತ್ತು. ಬಿಸಿಯನ್ನು ಅವರು ಹೊರಗೆ ಹಾಕಿದ್ದರು. ಹೊರಗೆ ನಮ್ಮಕ್ಕ ಕೂತಿದ್ದಳು.

ನನಗೆ ಬಂದ ಸಿಟ್ಟಿಗೆ ಅಲ್ಲೇ ಇದ್ದ ಸ್ಪ್ಯಾನರ್ ತೆಗೆದುಕೊಂಡು ಆ ತಗಡನ್ನು ಕಿತ್ತು ಬಿಸಾಡಲು ಹೋದೆ. ಹಿಂದೆಯೇ ಬಂದಿದ್ದ ಅಕ್ಕ ಕೈ ಹಿಡಿದಳು. "ಬೇಡ ಕಣೇ. ಅಷ್ಟು ಇಷ್ಟಪಟ್ಟು ಮಾಡ್ಕೊಂಡಿದಾರೆ. ಪ್ರವಾಸ ಒಂದು ಮುಗೀಲಿ."

ಪ್ರವಾಸದ ಕಥೆ ಹೀಗೆ. ಅಕ್ಕನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿಯೊಬ್ಬಳು ರಸ್ತೆಯಲ್ಲಿ ಎರಡು ದಿನದ ಹಾದಿಯ ಊರಿನಲ್ಲಿದ್ದಾಳೆ. ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದಳು. ಒಂದು ಸಲ ಬಂದು ಹೋಗೇ ಎಂದು ಫೋನಿನಲ್ಲಿ ಅತ್ತಿದ್ದಳು. ಅಕ್ಕ ರೈಲಿನ ಮಾತೆತ್ತಿದರೆ ಭಾವನಿಗೆ ಅವಮಾನ. "ಮನೇಲಿ ಇಂಥಾ ಗಾಡಿ ಇಟ್ಕೊಂಡು ರೈಲಾ? ಸಂಘದವರೂ ಆ ಕಡೇನೇ ಹೊರಟಿದಾರೆ. ನಿನ್ನನ್ನ ರಾಣಿ ಥರ ಕರ್ಕೊಂಡು ಹೋಗ್ತೀನಿ." ಗೆಳತಿಯನ್ನು ನೋಡಬೇಕೆಂದರೆ ರಾಣಿ ಎರಡು ದಿನ ಬೇಯಬೇಕು. ನಾನು ಅಕ್ಕನ ಕಿವಿಗಷ್ಟೇ ಹಾಕಿ ಎರಡು ರೈಲು ಟಿಕೆಟ್ ಮಾಡಿಸಿ ಚೀಲದಲ್ಲಿಟ್ಟುಕೊಂಡೆ.

ಹೊರಡುವ ಬೆಳಿಗ್ಗೆ ಬಂಕಿನ ಹತ್ತಿರ ಸಂಘವೆಲ್ಲ ಸೇರಿತ್ತು. ಬೀಳ್ಕೊಡುವ ನೆಪದಲ್ಲಿ ನಾನೂ ಚೀಲ ಹಿಡಿದು ಹೋಗಿದ್ದೆ. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರ ಗಾಡಿ ಹಿಂದಿನ ದಿನವೇ ಗೇರ್ ಮುರಿದುಕೊಂಡು ಗ್ಯಾರೇಜ್ ಸೇರಿತ್ತು. ಕ್ಲಿನಿಕ್ಕಿಗೆ ವಾರದ ರಜೆ ಬರೆದು ಬಾಗಿಲು ಹಾಕಿಯಾಗಿತ್ತು. ಪಾಪ, ಜಾಕೆಟ್ ತೊಟ್ಟು ಹೆಲ್ಮೆಟ್ ಹಿಡಿದು ಬೀಳ್ಕೊಡಲು ಬಂದಿದ್ದರು. ಭಾವ ತಮ್ಮ ನಾಳದ ಮಹಿಮೆ ಹೇಳುವುದನ್ನು ಕೇಳಿ ಅವರ ಬಾಯಲ್ಲಿ ನೀರೂರಿತು.

"ಒಂದು ರೌಂಡ್ ಕೊಡ್ರೀ, ನೋಡೇಬಿಡೋಣ."

ಸಂಘಕ್ಕೆ ಒಂದು ಕಟ್ಟುಪಾಡಿದೆ. ಬೇರೆಯವರ ಗಾಡಿ ಓಡಿಸುವಾಗ ಗಾಡಿಯ ಯಜಮಾನ ಹಿಂದೆ ಕೂತಿರಲೇಬೇಕು. ಹಿಂದೊಮ್ಮೆ ಯಾರೋ ಯಾರದೋ ಗಾಡಿ ಚರಂಡಿಗೆ ಇಳಿಸಿ, ಮೊದಲೇ ಹಾಗಿತ್ತು ಎಂದು ವಾದ ಮಾಡಿದ ಮೇಲೆ ಬಂದ ನಿಯಮ. ಹಾಗಾಗಿ ಭಾವ ಹಿಂದೆ ಹತ್ತಿದರು. ಕೊಂಡಾಗಿನಿಂದ ಅವರು ಆ ಸೀಟಿನಲ್ಲಿ ಕೂತದ್ದೇ ಮೊದಲ ಸಲ.

ಡಾಕ್ಟರು ಮಾರುಕಟ್ಟೆಯ ದಾರಿ ಹಿಡಿದರು. ಅಲ್ಲಿ ಸಿಗ್ನಲುಗಳು ಒಂದರ ಹಿಂದೆ ಒಂದು. ವಾಪಸು ಬಂದಾಗ ಡಾಕ್ಟರ ಮುಖ ಅರಳಿತ್ತು. "ಏನ್ರೀ ಇದು, ಫ್ರಿಜ್ ಮೇಲೆ ಕೂತ ಹಾಗಿದೆ!" ಭಾವ ಇಳಿದರು. ಬಲಗಾಲನ್ನು ನೆಲಕ್ಕೆ ಊರಿ, ಮತ್ತೆ ಎತ್ತಿ, ಬೆರಳ ತುದಿಯಲ್ಲಿ ನಿಂತರು. ಹಣೆಯಲ್ಲಿ ಬೆವರು.

"ಹಿಂದೆ ಹೇಗಿತ್ತು?" ಎಂದರು ಎಲ್ಲರೂ.

ಭಾವ ಒಮ್ಮೆ ಅಕ್ಕನನ್ನು ನೋಡಿದರು. ಒಂದು ಮಾತು ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುತ್ತ ಅಷ್ಟು ಜಾಕೆಟ್ಟುಗಳು ನಿಂತಿದ್ದವು.

"ಹಿಂದೇನೂ ಐಸೇ!" ಎಂದುಬಿಟ್ಟರು.

ಆಗ ಅಕ್ಕ ಮುಂದೆ ಬಂದಳು. ಅಷ್ಟು ಜನರ ಎದುರು ಅವಳು ಬಾಯಿ ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಹಾಗಾದ್ರೆ ಒಳ್ಳೇದೇ ಆಯ್ತು ರೀ. ಪಾಪ, ಡಾಕ್ಟ್ರು ರಜಾ ಹಾಕ್ಕೊಂಡು ನಿಂತಿದಾರೆ. ಅವರು ಓಡಿಸ್ಲಿ, ನೀವು ಹಿಂದೆ ಆರಾಮಾಗಿ ಕೂತ್ಕೊಂಡು ಬನ್ನಿ. ನಾನು ತಂಗಿ ಜೊತೆ ರೈಲಲ್ಲಿ ಬರ್ತೀನಿ."

ಸಂಘ ಚಪ್ಪಾಳೆ ತಟ್ಟಿತು. ಡಾಕ್ಟರ ಕಣ್ಣಲ್ಲಿ ನೀರೇ ಬಂತು. "ಎಂಥಾ ದೊಡ್ಡ ಮನಸ್ಸು ರೀ ನಿಮ್ಮ ಮನೆಯವರದು!" ಭಾವ ಹೆಲ್ಮೆಟ್ಟಿನ ಗಾಜು ಕೆಳಗೆ ಎಳೆದುಕೊಂಡರು. ಆಮೇಲೆ ಅವರ ಮುಖ ನಮಗೆ ಕಾಣಲಿಲ್ಲ.

ನಾವು ರೈಲಿನ ಕಿಟಕಿ ಪಕ್ಕ ಕಾಲು ಚಾಚಿಕೊಂಡು, ಕಡಲೆಕಾಯಿ ತಿನ್ನುತ್ತಾ ಹೋದೆವು. ಅಕ್ಕ ದಾರಿಯುದ್ದಕ್ಕೂ ನಕ್ಕಳು. ಗೆಳತಿಯ ಮನೆ ಸೇರಿದ ಮೇಲೆ ಇಬ್ಬರೂ ಕೈ ಕೈ ಹಿಡಿದುಕೊಂಡು, ಮೊದಲು ಅತ್ತು, ಆಮೇಲೆ ಶಾಲೆಯ ಲೆಕ್ಕದ ಮೇಷ್ಟರನ್ನು ಆಡಿಕೊಂಡು ಹೊತ್ತು ಕಳೆದರು. ಮಾರನೆಯ ದಿನ ಸಂಜೆ ಗಾಡಿ ಬಂತು. ಡಾಕ್ಟರು ಹಾಡು ಗುನುಗುತ್ತಾ ಇಳಿದರು. ಭಾವ ಕಾಲು ಅಗಲಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದರು. ಕುರ್ಚಿಯಲ್ಲಿ ಕೂತು ಪ್ಯಾಂಟಿನ ಬಲಗಾಲನ್ನು ಮೆಲ್ಲಗೆ ಮೇಲೆತ್ತಿದರು. ಅದೇ ಜಾಗ, ಅದೇ ಅಂಗೈಯಗಲ.

ಅಕ್ಕ ಚೀಲದಿಂದ ಮುಲಾಮು ತೆಗೆದು ಅವರ ಮುಂದಿಟ್ಟಳು.

"ಏನ್ರೀ, ಬಾಣಲೆ ತಗುಲ್ತಾ?"

ಭಾವ ಆ ಟ್ಯೂಬನ್ನು ಕೈಗೆ ತೆಗೆದುಕೊಂಡರು. ಅದು ಬುಡದಿಂದ ಸುರುಳಿ ಸುತ್ತಿ ಹಿಂಡಿ ಹಿಂಡಿ ತೆಳ್ಳಗಾಗಿತ್ತು. "ಹೇಳ್ಬಾರ್ದಿತ್ತೇನೇ?" ಎಂದರು. ದನಿ ಸಣ್ಣಗಾಗಿತ್ತು.

"ಹೇಳ್ದೆ. ಮೊದಲ್ನೇ ದಿನಾನೇ ಸಿಗ್ನಲಲ್ಲಿ ಸುಡ್ತಿದೆ ಅಂದೆ. ನೀವು ನಿಮ್ಮ ತೊಡೆ ಮುಟ್ಟಿ ನೋಡ್ಕೊಂಡು, ಇಲ್ವಲ್ಲ ಅಂದ್ರಿ."

ಭಾವ ಟ್ಯೂಬಿನ ಮುಚ್ಚಳ ಬಿಚ್ಚಿದರು. ನನಗೆ ಅವರ ಮೇಲೆ ಕನಿಕರ ಬಂತು, ಸುಳ್ಳು ಯಾಕೆ ಹೇಳಲಿ, ಆದರೆ ಜಾಸ್ತಿ ಬರಲಿಲ್ಲ.

ಮರುದಿನ ಗೆಳತಿಯ ಮನೆಯ ಅಂಗಳಕ್ಕೆ ಕುಂಟುತ್ತಾ ಹೋಗಿ ಕೂತು ತಮ್ಮ ಕೈಯಾರೆ ನಾಳ ಬಿಚ್ಚಿದರು. ಈಗ ಅವರೂ ಎಲ್ಲರ ಹಾಗೆ ಸಿಗ್ನಲಿನಲ್ಲಿ ಎಂಜಿನ್ ಆರಿಸುತ್ತಾರೆ, ಮರ ಕಂಡಲ್ಲಿ ನಿಲ್ಲಿಸುತ್ತಾರೆ. ಹೊರಡುವ ಮೊದಲು ಹಿಂದಕ್ಕೆ ತಿರುಗಿ, "ನಿಂಗೆ ಹೇಗಿದೆ?" ಎಂದು ಕೇಳುತ್ತಾರೆ. ಅಕ್ಕ ಮನಸ್ಸು ಬಂದರೆ ಹತ್ತುತ್ತಾಳೆ, ಇಲ್ಲದಿದ್ದರೆ ಇಲ್ಲ.

ಓಣಿಯ ಪೆಟ್ಟಿಗೆ ಮಾತ್ರ ಇನ್ನೂ ನನ್ನ ಕಿಟಕಿಗೇ ಊದುತ್ತಿದೆ. ಬರುವ ಭಾನುವಾರ ಮಧ್ಯಾಹ್ನ ಭಾವನನ್ನು ಊಟಕ್ಕೆ ಕರೆದಿದ್ದೇನೆ. ಅವರ ಕೋಣೆಯ ಏಸಿ ಹಾಕಿಟ್ಟೇ ಕಳಿಸಬೇಕೆಂದು ಅಕ್ಕನಿಗೆ ಹೇಳಿದ್ದೇನೆ. ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಕಿಟಕಿಗೆ ಮುಖ ಮಾಡಿ ಎಲೆ ಹಾಕುತ್ತೇನೆ.