ಕಂಡವನು ಮತ್ತು ಹೊಡೆಯುವವನು

ಬಿ.ಎಸ್ಸಿ. ಮುಗಿಸಿದ್ದ ನನಗೆ ತೀರ್ಥಹಳ್ಳಿಯ ಕಾಲೇಜೊಂದರಿಂದ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ನಿಟ್ಟೂರಿನ ಕಡೆಯ ನಮ್ಮ ಒಕ್ಕಲು ಮನೆಗಳಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಕೆಲಸ ಸಿಗದಿದ್ದರೆ ಮತ್ತೆ ಗದ್ದೆಗೆ ಇಳಿಯಬೇಕಿತ್ತು. ಗದ್ದೆ ಕೆಲಸ ಕೀಳೆಂದಲ್ಲ. ಆ ಗದ್ದೆ ನಮ್ಮದಲ್ಲ ಎಂಬುದಷ್ಟೇ ನನ್ನ ತಕರಾರು.

ಕಮಿಟಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಎಪ್ಪತ್ತೊಂದರ ಯುದ್ಧ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಪ್ರಿನ್ಸಿಪಾಲರು ರೇಡಾರ್ ಬಗ್ಗೆ ಹೇಳಿ ಎಂದರು. ಒಳಗೆ ಹೋದರೆ ನಡುವೆ ಕಮಿಟಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ನಮ್ಮ ಒಡೆಯರು. ನಾವು ಗೇಣಿ ಅಳೆಯುತ್ತಿದ್ದದ್ದು ಅವರಿಗೇ.

ಬೋರ್ಡಿನ ಮೇಲೆ ಚಿತ್ರ ಬರೆದು ಶುರುಮಾಡಿದೆ. ರೇಡಿಯೊ ಅಲೆ ಹೋಗಿ ವಿಮಾನಕ್ಕೋ ಕ್ಷಿಪಣಿಗೋ ಬಡಿದು ವಾಪಸು ಬರುತ್ತದೆ. ಹೋಗಿ ಬಂದ ಹೊತ್ತಿನಿಂದ ದೂರ ಗೊತ್ತಾಗುತ್ತದೆ. ಮತ್ತೆ ಮತ್ತೆ ನೋಡಿದರೆ ಅದು ಯಾವ ಕಡೆ, ಎಷ್ಟು ವೇಗದಲ್ಲಿ ಹೊರಟಿದೆ ಎಂಬುದೂ ತಿಳಿಯುತ್ತದೆ. ಆದರೆ ಅದನ್ನು ತಡೆಯುವ ಕ್ಷಿಪಣಿ ಬೇರೆಲ್ಲೋ ಇರುತ್ತದೆ. ಅಲ್ಲಿಗೆ ಸುದ್ದಿ ಮುಟ್ಟಬೇಕು.

ಒಡೆಯರು ಕೈಯೆತ್ತಿದರು. "ಕಂಡಾಯ್ತಲ್ಲ ಮಾರಾಯ, ಹೊಡೆದ್ರಾಯ್ತು. ಸುದ್ದಿ ಗಿದ್ದಿ ಎಂತಕ್ಕೆ? ನಿನ್ನಪ್ಪ ಬೇಟೆಗೆ ಬಂದ್ರೆ ಬರೀ ಕೂಗ್ತಿದ್ದ. ಓದಿಬಂದ ನೀನೂ ಅದನ್ನೇ ಹೇಳ್ತೀಯಲ್ಲ!"

ಪಕ್ಕದವರು ನಕ್ಕರು.

ಬೇಟೆಯಲ್ಲಿ ಅಪ್ಪನ ಕೆಲಸ ಪೊದೆಗಳಿಂದ ಹಂದಿ ಎಬ್ಬಿಸಿ ಕೋವಿಯವರ ಕಡೆಗೆ ಓಡಿಸುವುದು. ಒಮ್ಮೆ ಹಂದಿ ಎದ್ದಾಗ ಅವನು ಕೂಗಿದ. ಒಡೆಯರು ಪೊದೆ ಅಲುಗಿದ ಕಡೆಗೆ ಹೊಡೆದರು. ಅಲ್ಲಿದ್ದವನು ಅಪ್ಪ. ಕಾಲಿಗೆ ಹೊಕ್ಕ ಕೋವಿಯ ಚರೆಗಳು ಅವನು ಸಾಯುವವರೆಗೂ ಅಲ್ಲೇ ಉಳಿದವು. ಒಡೆಯರ ಹೆಸರು ಬರದಂತೆ, ಮುಳ್ಳು ಚುಚ್ಚಿದ್ದು ಎಂದು ಊರಿಗೆ ಹೇಳಿ ಆಗಿತ್ತು.

ಅದನ್ನು ಈಗ ಎತ್ತಿದರೆ ಕೆಲಸ ಹೋದಂತೆಯೇ. ಆದರೂ ಆ ನಗೆಯ ಮುಂದೆ ಪಾಠ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

"ಹೌದು ಒಡೇರೇ, ಅದನ್ನೇ ಹೇಳ್ತಿದೀನಿ. ಹಂದಿ ಕಂಡದ್ದು ಅಪ್ಪನಿಗೆ, ಕೋವಿ ಇದ್ದದ್ದು ನಿಮ್ಮ ಕೈಲಿ. ಗಾಳಿಗೆ ಕೂಗು ಸರಿಯಾಗಿ ಮುಟ್ಲಿಲ್ಲ. ಹಂದಿ ತಪ್ಪಿಸ್ಕೊಂಡು ಹೋಯ್ತು, ಏಟು ಅಪ್ಪನ ಕಾಲಿಗೆ ಬಿತ್ತು. ಕಂಡೋನಿಗೂ ಹೊಡೆಯೋನಿಗೂ ನಡುವೆ ಮಾತು ಕೆಟ್ರೆ ಕ್ಷಿಪಣಿ ವಿಷಯದಲ್ಲೂ ಇಷ್ಟೇ."

ನಗು ನಿಂತಿತು. ಒಡೆಯರು ಬೋರ್ಡಿನ ಮೇಲಿನ ವಿಮಾನದ ಚಿತ್ರದ ಕಡೆ ಬೆರಳು ತೋರಿಸಿದರು.

"ಅಲ್ಲಿ ನಮ್ಮೋರು ಯಾರು ಅಂತ ಹೆಂಗೆ ಗೊತ್ತು ಮಾಡ್ತಾರೆ?"

"ನಮ್ಮ ವಿಮಾನದಲ್ಲಿ ಒಂದು ಪೆಟ್ಟಿಗೆ ಇರುತ್ತೆ. ಕೆಳಗಿಂದ ಸಂಕೇತ ಕಳಿಸಿ ಕೇಳಿದ್ರೆ, ಮೊದಲೇ ಗೊತ್ತುಮಾಡಿದ ಉತ್ತರ ಕೊಡುತ್ತೆ. ಉತ್ತರ ಬರ್ಲಿಲ್ಲ ಅಂತ ವೈರಿ ಅನ್ನೋ ಹಂಗೂ ಇಲ್ಲ, ಪೆಟ್ಟಿಗೆ ಕೆಟ್ಟಿರಬಹುದು. ಮತ್ತೆ ಕೇಳ್ಬೇಕು."

"ಅಷ್ಟರಲ್ಲಿ ಬಂದು ತಲೆ ಮೇಲೆ ಬೀಳಲ್ವನಾ?"

"ಬೀಳಬಹುದು. ಅದಕ್ಕೇ ಬಹಳ ದೂರದಲ್ಲೇ ಕಾಣ್ಬೇಕು, ಸುದ್ದಿ ಕೂಡಲೇ ಮುಟ್ಬೇಕು."

ಗಂಟೆ ಹೊಡೆಯಿತು. ಪ್ರಿನ್ಸಿಪಾಲರು ಎದ್ದರು. "ಕೂತ್ಕಳಿ, ಮುಗಿಸ್ಲಿ ಅವನು" ಎಂದರು ಒಡೆಯರು.

ಮುಂದಿನ ವಾರ ಕೆಲಸಕ್ಕೆ ಹಾಜರಾಗಲು ಪತ್ರ ಬಂತು. ಕೆಳಗೆ ಅವರ ಸಹಿಯೂ ಇತ್ತು. ಅದನ್ನು ನಾನು ಅವತ್ತೂ ದಯೆ ಎಂದುಕೊಳ್ಳಲಿಲ್ಲ, ಇವತ್ತೂ ಇಲ್ಲ. ಪಾಠ ಸರಿಯಾಗಿತ್ತು.