ಮೂವತ್ಮೂರು ಇಂಚಿನ ಹಟ

ರಸ್ತೆ ಪೇಟೆಯನ್ನು ಬಿಟ್ಟು ಬೆಟ್ಟ ಏರಲು ಶುರುವಾಗುವ ಕವಲಿನಲ್ಲೇ ಆ ಟೈರ್ ಅಂಗಡಿ. ತಗಡಿನ ಮಾಡು, ಸಿಮೆಂಟಿನ ನೆಲ, ಗೋಡೆಗೊರಗಿಸಿದ ಟೈರುಗಳ ಸಾಲು, ಮೂಲೆಯಲ್ಲಿ ಆಗಾಗ ಗುಡುಗಿ ಸುಮ್ಮನಾಗುವ ಏರ್ ಕಂಪ್ರೆಸರ್. ಅಂಗಡಿಯ ಒಡತಿಗೆ ಐವತ್ತೆರಡು. ಬೀದಿಯವರೆಲ್ಲ ಅವಳನ್ನು ಟೈರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೆಯೇ. ಅಪ್ಪನಿಂದ ಕಲಿತ ಕೆಲಸ. ಸವೆದ ಟೈರಿನ ಮೇಲೆ ಒಮ್ಮೆ ಅಂಗೈ ಆಡಿಸಿದರೆ ಸಾಕು, ಗಾಡಿ ಯಾವ ಕಡೆಗೆ ಎಳೆಯುತ್ತದೆ, ಓಡಿಸುವವನಿಗೆ ಎಷ್ಟು ಅವಸರ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದಳು. ಒಮ್ಮೆ ನಿವೃತ್ತ ಹೆಡ್ಮಾಸ್ತರರೊಬ್ಬರಿಗೆ, "ಸಾರ್, ತಿರುವಿಗೆ ಬಂದ ಮೇಲೆ ಬ್ರೇಕ್ ನೆನಪಾಗುತ್ತೆ ನಿಮಗೆ" ಎಂದಿದ್ದಳು. ಪಕ್ಕದಲ್ಲಿದ್ದ ಅವರ ಹೆಂಡತಿ, "ಇವರಿಗೆ ಎಲ್ಲಾನೂ ಹಾಗೇ" ಎಂದು ನಕ್ಕಿದ್ದರು.

ಅವಳಿಗೆ ಒಬ್ಬನೇ ತಮ್ಮ. ಅಮ್ಮ ಬೇಗ ಹೋದದ್ದರಿಂದ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳೂ ಇವಳೇ, ಸೈಕಲ್ ಕಲಿಸುವಾಗ ಹಿಂದೆ ಓಡಿದವಳೂ ಇವಳೇ. ಈಗ ಅವನಿಗೆ ನಲವತ್ತೊಂದಾಗಿದ್ದರೂ ಅವಳ ಬಾಯಲ್ಲಿ ಅವನು ಇನ್ನೂ "ಮರಿ". ಬೆಟ್ಟದ ನೆತ್ತಿಯಲ್ಲಿ ನಿಂತಿರುವ ಗಾಳಿಯಂತ್ರಗಳ ಹತ್ತಿರಕ್ಕೆ ರಿಪೇರಿಯವರನ್ನು ಕರೆದೊಯ್ದು ಕರೆತರುವುದು ಅವನ ಕೆಲಸ. ಅದಕ್ಕೆಂದೇ ನಾಲ್ಕೂ ಚಕ್ರ ಎಳೆಯುವ ಹಳೆಯ ಗಾಡಿಯೊಂದನ್ನು ಇಟ್ಟುಕೊಂಡು, ಅದನ್ನು ಹೆಂಡತಿಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದ.

ಆ ವರ್ಷ ಮಳೆ ಬೇಗ ಹಿಡಿಯಿತು. ಮೊದಲ ವಾರದಲ್ಲೇ ಮೇಲಿನ ಮಣ್ಣುದಾರಿಯಲ್ಲಿ ಗಾಡಿ ಎರಡು ಸಲ ಹೂತುಹೋಯಿತು. ಎರಡನೆಯ ಸಲ ರಿಪೇರಿಯವರು ಷೂ ಕಳಚಿ, ಪ್ಯಾಂಟು ಮಡಚಿ ತಳ್ಳಬೇಕಾಯಿತು. ಅವರಲ್ಲೊಬ್ಬ, "ಅಣ್ಣಾ, ಮುಂದಿನ ಸಲ ನಾವೇ ನಿಮ್ಮನ್ನ ಹೊತ್ಕೊಂಡು ಹೋಗ್ತೀವಿ ಬಿಡಿ" ಎಂದನಂತೆ. ತಮಾಷೆಗೆ ಅಂದ ಮಾತು. ಆದರೆ ತಮ್ಮನಿಗೆ ಅದು ಮುಳ್ಳಿನಂತೆ ಚುಚ್ಚಿಕೊಂಡಿತು.

ಮಾರನೆಯ ದಿನವೇ ಅಂಗಡಿಗೆ ಬಂದು ಮೊಬೈಲನ್ನು ಅಕ್ಕನ ಮೂಗಿನ ಹತ್ತಿರ ಹಿಡಿದ. ಚಿತ್ರದಲ್ಲಿ ಕೆಸರಿನ ಟೈರು. ಮುಷ್ಟಿಯಷ್ಟು ದಪ್ಪ ರಬ್ಬರಿನ ಗುಬುಟುಗಳು, ನಡುವೆ ಬೆರಳು ಮುಳುಗುವಷ್ಟು ಆಳದ ಸಂದು.

"ಮೂವತ್ಮೂರು ಇಂಚು. ನಾಲ್ಕೂ ಬೇಕು ಅಕ್ಕ."

"ಈಗಿರೋದು ಇಪ್ಪತ್ತೊಂಬತ್ತು," ಎಂದಳು ಅವಳು ಕೈ ಒರೆಸಿಕೊಳ್ಳುತ್ತ. "ನಿನ್ನ ದಾರಿ ಎಷ್ಟು ಉದ್ದ ಮರಿ?"

"ಮೂವತ್ತಾರು ಕಿಲೋಮೀಟರು. ಗೊತ್ತಿಲ್ವಾ ನಿಂಗೆ?"

"ಅದ್ರಲ್ಲಿ ಕೆಸರು?"

ತಮ್ಮ ಮೊಬೈಲನ್ನು ಜೇಬಿಗಿಳಿಸಿದ. ಉತ್ತರ ಅವಳಿಗೆ ಗೊತ್ತಿತ್ತು. ಇಪ್ಪತ್ತೆಂಟು ಕಿಲೋಮೀಟರು ಟಾರು, ಅದೂ ಒಂದರ ಮೇಲೊಂದು ತಿರುವು, ಒಂದು ಪಕ್ಕಕ್ಕೆ ಪ್ರಪಾತ. ಕೊನೆಯ ಎಂಟು ಮಾತ್ರ ಮಣ್ಣು ಮತ್ತು ಕಲ್ಲು.

ಅವಳು ಗೋಡೆಯ ಹತ್ತಿರ ಹೋಗಿ ಎರಡು ಟೈರು ಉರುಳಿಸಿಕೊಂಡು ಬಂದಳು. ಒಂದು ಕೆಸರಿನದು, ಇನ್ನೊಂದು ಎಲ್ಲ ದಾರಿಗೂ ಆಗುವಂಥದು. ಅವನ ಅಂಗೈ ಹಿಡಿದು ಮೊದಲನೆಯದರ ಮೇಲಿಟ್ಟಳು. "ನೋಡು, ರಬ್ಬರ್ ನೆಲಕ್ಕೆ ತಾಗೋದು ಇಲ್ಲಿ, ಇಲ್ಲಿ, ಇಲ್ಲಿ. ಮಿಕ್ಕಿದ್ದೆಲ್ಲ ಸಂದು. ಕೆಸರಲ್ಲಿ ಇದು ರಾಜ. ನೆನೆದ ಟಾರಿನ ಮೇಲೆ ಮಾತ್ರ ಸಾಬೂನಿನ ಮೇಲೆ ನಿಂತ ಹಾಗೆ. ಇದನ್ನ ಹಾಕ್ಕೋ," ಎಂದು ಎರಡನೆಯದನ್ನು ತಟ್ಟಿದಳು. "ಮೂವತ್ತೂವರೆ ಇಂಚು. ಎಲ್ಲೂ ತಾಗಲ್ಲ, ಏನೂ ಕತ್ತರಿಸೋದು ಬೇಡ. ಕೆಸರಲ್ಲಿ ಗಾಳಿ ಸ್ವಲ್ಪ ಇಳಿಸಿ, ನಿಧಾನಕ್ಕೆ ಹೋದ್ರೆ ದಾಟುತ್ತೆ."

"ದಾಟದಿದ್ರೆ? ಮತ್ತೆ ಅವರ ಕೈಲಿ ತಳ್ಳಿಸ್ಲಾ?"

"ಚಕ್ರ ದೊಡ್ಡದಾದಷ್ಟೂ ಬ್ರೇಕು ಹಿಡಿಯೋದು ತಡ ಮರಿ. ಇಳಿಜಾರಲ್ಲಿ ಗೇರು ಗಾಡಿನ ತಡೆಯೋದೂ ಕಮ್ಮಿ ಆಗುತ್ತೆ. ಗಾಡಿ ಎತ್ತರಿಸ್ಬೇಕು, ಒಳಗಿನ ತಗಡು ಕತ್ತರಿಸ್ಬೇಕು..."

"ನೀನು ಹಾಕ್ತೀಯೋ, ಇಲ್ಲ ಬೇರೆ ಕಡೆ ಹೋಗ್ಲೋ?"

ಈ ಮಾತು ಅವಳನ್ನು ಕಟ್ಟಿಹಾಕಿತು. ಬೇರೆ ಕಡೆಯವರು ಹೇಗೆ ಮಾಡುತ್ತಾರೆಂದು ಅವಳು ಕಂಡವಳೇ. ತಾಗಿದ್ದನ್ನೆಲ್ಲ ಸುತ್ತಿಗೆಯಲ್ಲಿ ಬಡಿದು, ಬಣ್ಣ ಬಳಿದು ಕಳಿಸಿಬಿಡುತ್ತಾರೆ. ಹೇಗಿದ್ದರೂ ಹಾಕಿಸಿಯೇ ಹಾಕಿಸುತ್ತಾನೆ, ನನ್ನ ಕಣ್ಣೆದುರಿಗೇ ಆಗಲಿ ಎಂದುಕೊಂಡಳು. ರಾತ್ರಿ ಊಟಕ್ಕೆ ಕೂತಾಗ ಗಂಡನ ಬಳಿ ಹೇಳಿಕೊಂಡಳು. ಅವನು ದರ್ಜಿ, ಮಾತು ಕಡಿಮೆ. "ನಾನು ಮೈಯ ಅಳತೆ ತಗೊಂಡು ಬಟ್ಟೆ ಕತ್ತರಿಸ್ತೀನಿ. ನಿನ್ನ ತಮ್ಮ ಬಟ್ಟೆ ತಂದಿಟ್ಟು ಮೈ ಕತ್ತರಿಸು ಅಂತಿದಾನೆ," ಎಂದ. ಅವಳಿಗೆ ನಗು ಬಂತು.

ಕೆಲಸ ಮೂರು ದಿನ ಹಿಡಿಯಿತು. ಎತ್ತರದ ಸ್ಪ್ರಿಂಗು ಕೂರಿಸಿದಳು. ಚಕ್ರದ ಗೂಡಿನೊಳಗಿನ ತಗಡನ್ನು ಕತ್ತರಿಸಿ, ಅಂಚನ್ನು ಅರದಿಂದ ನುಣುಪು ಮಾಡಿದಳು. ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡಿದಾಗ ಮುಂದಿನ ಎಡಚಕ್ರದ ಟೈರಿನ ಅಂಚು ಬ್ರೇಕಿನ ರಬ್ಬರ್ ಪೈಪಿಗೆ ಬೆರಳಗಲದಷ್ಟು ಹತ್ತಿರ ಬರುತ್ತಿತ್ತು. ಅವಳು ಪೈಪನ್ನು ಹಿಂದಕ್ಕೆ ಸರಿಸಿ ಎರಡು ಕಪ್ಪು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದಳು. ಮತ್ತೆ ತಿರುಗಿಸಿ ನೋಡಿದಳು. ಎಲ್ಲೂ ತಾಗಲಿಲ್ಲ.

ಅಂದಿನಿಂದ ಆ ಗಾಡಿ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಟಾರಿನ ಮೇಲೆ ಆ ಗುಬುಟುಗಳು ಎಬ್ಬಿಸುವ ಸದ್ದು ದೂರದಲ್ಲಿ ಜೇನುಗೂಡು ಕೆದಕಿದಂತೆ ಶುರುವಾಗಿ, ಹತ್ತಿರ ಬಂದಂತೆ ಹಲ್ಲಿನೊಳಗೆ ನಡುಗುತ್ತಿತ್ತು. ತಮ್ಮ ಎದೆಯುಬ್ಬಿಸಿ ಓಡಾಡಿದ. ಕೆಸರು ಈಗ ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಒಂದು ಸಂಜೆ ಅವನ ಹೆಂಡತಿ ಅಂಗಡಿಯ ಮುಂದೆ ನಿಂತು, ಸೀರೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅತ್ತಿಗೆ, ಮೊನ್ನೆ ಮಳೇಲಿ ಗಾಡಿ ಅಡ್ಡಡ್ಡ ಜಾರಿತು. ನಾನೂ ಒಳಗಿದ್ದೆ. ಯಾರಿಗೂ ಹೇಳ್ಬೇಡ ಅಂದ್ರು. ನೀವೇ ಒಂದ್ಮಾತು ಹೇಳಿ" ಎಂದಳು.

ಟೈರಕ್ಕ ತಮ್ಮನಿಗೆ ಹೇಳಿ ನೋಡಿದಳು. "ನೀನು ಹಾಕಿದ ಟೈರಿನ ಮೇಲೆ ನಿಂಗೇ ನಂಬಿಕೆ ಇಲ್ವಾ?" ಎಂದು ತಮ್ಮ ನಕ್ಕ. ಶುಕ್ರವಾರ ತಂದು ತೋರಿಸು ಎಂದರೆ ಹೂಂ ಎಂದ, ತರಲಿಲ್ಲ. ಮುಂದಿನ ಶುಕ್ರವಾರವೂ ತರಲಿಲ್ಲ.

ಮತ್ತೊಂದು ವಾರ ಕಳೆಯಿತು. ಬುಧವಾರ ಬೆಳಗ್ಗೆ ಮಳೆ ಸುರಿಯುತ್ತಲೇ ಇತ್ತು. ಅವಳು ಅಂಗಡಿಯ ಹಿಂಭಾಗದಲ್ಲಿ ಲಾರಿಯೊಂದರ ಚಕ್ರ ಬಿಚ್ಚುತ್ತಿದ್ದಾಗ ಮುಂದೆ ಆ ಸದ್ದು ಬಂದು ನಿಂತಿತು. "ಗಾಳಿ ಸ್ವಲ್ಪ ಇಳಿಸ್ಕೊಂಡೆ ಅಕ್ಕಾ!" ಎಂದು ಕೂಗಿದ ತಮ್ಮ, ಇವಳು ಕೈಯೊರೆಸಿಕೊಂಡು ಬರುವಷ್ಟರಲ್ಲಿ ಹೊರಟೇಬಿಟ್ಟಿದ್ದ. ಹಿಂದಿನ ಸೀಟಿನಲ್ಲಿ ಇಬ್ಬರು ರಿಪೇರಿಯವರು ಕೂತಿದ್ದದ್ದು ಕಂಡಿತು.

ಮಾಡಿನ ಕೆಳಗೆ ಗಾಡಿ ನಿಂತಿದ್ದ ಜಾಗ ಒಣಗಿಯೇ ಇತ್ತು. ಅಲ್ಲಿ, ಮುಂದಿನ ಎಡಚಕ್ರವಿದ್ದ ಕಡೆ, ಸಿಮೆಂಟಿನ ಮೇಲೆ ನಾಲ್ಕೈದು ತೊಟ್ಟು ಮಿನುಗುತ್ತಿತ್ತು. ಅವಳು ಬಾಗಿ ಮುಟ್ಟಿದಳು. ಜಾರುತ್ತಿತ್ತು. ಎಂಜಿನ್ ಆಯಿಲ್ ಇರಬಹುದೆಂದು ತನಗೆ ತಾನೇ ಹೇಳಿಕೊಂಡು ಅದರ ಮೇಲೆ ಒಂದು ಬೊಗಸೆ ನೀರು ಸುರಿದಳು. ಎಂಜಿನ್ ಆಯಿಲ್ ಆಗಿದ್ದರೆ ನೀರಿನ ಮೇಲೆ ತೇಲಬೇಕಿತ್ತು. ಇದು ನೀರಿನಲ್ಲಿ ಬೆರೆತುಹೋಯಿತು.

ಹಾಗೆ ಬೆರೆಯುವುದು ಬ್ರೇಕ್ ಆಯಿಲ್.

ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು. ಆ ಟೈರುಗಳ ಸದ್ದಿನಲ್ಲಿ ಅವನಿಗೆ ಕೇಳಿಸುವುದಾದರೂ ಹೇಗೆ? ಮತ್ತೆ ಮಾಡುವಷ್ಟರಲ್ಲಿ ಸಿಗ್ನಲ್ ಕಡಿದುಹೋಗುವ ತಿರುವು ದಾಟಿದ್ದ. ಬೆಟ್ಟದ ಮೇಲಿನ ಗಾಳಿಯಂತ್ರದ ಕಚೇರಿಯ ಲೈನು ಮಳೆಗೆ ಸತ್ತಿತ್ತು. ಲಾರಿಯವನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ತನ್ನ ಪಿಕಪ್ ಹತ್ತಿದಳು. ಬೆಟ್ಟ ಹತ್ತುವಾಗ ಬ್ರೇಕಿನ ಗೊಡವೆ ಅಷ್ಟಿಲ್ಲ. ಇಳಿಯುವಾಗಲೇ ಎಲ್ಲ. ಅವನು ಇಳಿಯಲು ಶುರುಮಾಡುವ ಮೊದಲು ಮೇಲೆ ಮುಟ್ಟಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

ವೈಪರ್ ಒರೆಸಿದಷ್ಟೂ ಗಾಜು ಮಸುಕಾಗುತ್ತಿತ್ತು. ತಿರುವುಗಳಲ್ಲಿ ಕೆಂಪು ನೀರು ರಸ್ತೆಯನ್ನು ಅಡ್ಡಲಾಗಿ ದಾಟಿ ಪ್ರಪಾತಕ್ಕೆ ಸುರಿಯುತ್ತಿತ್ತು. ಒಂದು ಕಡೆ ತಡೆಗೋಡೆಯೇ ಕುಸಿದು, ಎರಡು ಖಾಲಿ ಡ್ರಮ್ಮು ಇಟ್ಟಿದ್ದರು. ಎದುರಿನಿಂದ ಒಂದು ಗಾಡಿಯೂ ಬರಲಿಲ್ಲ. ಅದು ಒಳ್ಳೆಯದೋ ಕೆಟ್ಟದೋ ಅವಳಿಗೆ ತಿಳಿಯಲಿಲ್ಲ.

ಟಾರು ಮುಗಿದು ಮಣ್ಣುದಾರಿ ಶುರುವಾಗಿ ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಪಿಕಪ್ಪಿನ ಹಿಂದಿನ ಚಕ್ರಗಳು ಸುತ್ತಿದಲ್ಲೇ ಸುತ್ತಿ ಹೂತವು. ಎದುರಿಗೆ ತಮ್ಮನ ಟೈರುಗಳ ಗುರುತು ಕೆಸರನ್ನು ಸೀಳಿಕೊಂಡು ಸಲೀಸಾಗಿ ಮೇಲೇರಿತ್ತು. ಅದರ ಮೇಲೆಯೇ ಅವಳು ನಡೆಯತೊಡಗಿದಳು. ಕೆಸರು ಮೊಣಕಾಲಿಗೆ ಬರುತ್ತಿತ್ತು. ಒಂದು ಚಪ್ಪಲಿ ಅಲ್ಲೇ ಉಳಿಯಿತು, ಇನ್ನೊಂದನ್ನು ಅವಳೇ ಬಿಟ್ಟಳು. ಎಷ್ಟು ಹೊತ್ತು ನಡೆದಳೋ, ಮಂಜಿನಲ್ಲಿ ಮೇಲಿನ ಯಂತ್ರಗಳ ರೆಕ್ಕೆ ತಿರುಗುವ ಸದ್ದು ಮಾತ್ರ ಉಸಿರಿನಂತೆ ಬಂದು ಹೋಗುತ್ತಿತ್ತು. ರೆಕ್ಕೆ ಕಾಣುತ್ತಿರಲಿಲ್ಲ.

ಆಗ ಮೇಲಿನಿಂದ ಎಂಜಿನ್ನಿನ ನರಳಾಟ ಕೇಳಿಸಿತು. ಮಳೆ ಜೋರಾಯಿತೆಂದು ಕೆಲಸ ಅರ್ಧಕ್ಕೇ ಬಿಟ್ಟು ಬೇಗ ಹೊರಟಿದ್ದರು.

ಅವಳು ದಾರಿಯ ನಡುವೆ ನಿಂತು ಎರಡೂ ಕೈ ಎತ್ತಿದಳು. ತಿರುವಿನಲ್ಲಿ ಗಾಡಿ ಕಂಡಿತು. ಗಾಜಿನ ಹಿಂದೆ ತಮ್ಮನ ಮುಖವೂ ಕಂಡಿತು. ಅವನು ಬ್ರೇಕ್ ತುಳಿದದ್ದು ಅವನ ಭುಜ ಕುಸಿದದ್ದರಲ್ಲೇ ಗೊತ್ತಾಯಿತು. ಗಾಡಿ ನಿಲ್ಲಲಿಲ್ಲ. ಮತ್ತೆ ತುಳಿದ, ಮತ್ತೆ. ಅಷ್ಟೇನೂ ವೇಗವಿರಲಿಲ್ಲ, ಆದರೆ ಆ ಭಾರ ಅವಳ ಕಡೆಗೆ ಬರುತ್ತಲೇ ಇತ್ತು.

"ಗುಡ್ಡಕ್ಕೆ! ಗುಡ್ಡಕ್ಕೆ ತಿರುಗ್ಸು ಮರೀ!"

ಕೇಳಿಸಿತೋ ಇಲ್ಲವೋ, ಅವನು ತಿರುಗಿಸಿದ. ಗಾಡಿ ಮಣ್ಣಿನ ದಿಬ್ಬಕ್ಕೆ ಗುದ್ದಿ, ಒಂದು ಬದಿ ಮೇಲೆದ್ದು, ನಿಧಾನಕ್ಕೆ ಚರಂಡಿಯೊಳಗೆ ಮಗುಚಿತು. ಮೇಲಿದ್ದ ಎರಡು ಚಕ್ರ ಮಳೆಯಲ್ಲಿ ತಿರುಗುತ್ತಲೇ ಇದ್ದವು.

ಒಳಗಿದ್ದವರಲ್ಲಿ ಒಬ್ಬನಿಗೆ ಭುಜದ ಮೂಳೆ ಮುರಿಯಿತು. ತಮಾಷೆ ಮಾಡಿದ್ದವನೇ ಅವನು. ಇನ್ನೊಬ್ಬನಿಗೆ ತರಚು ಗಾಯ. ತಮ್ಮ ಒಡೆದ ಕಿಟಕಿಯಿಂದ ತೂರಿಕೊಂಡು ಬಂದು ಅಕ್ಕನ ಎದುರು ಕೆಸರಿನಲ್ಲೇ ಕೂತುಬಿಟ್ಟ.

"ಮೇಲೇ ಗೊತ್ತಾಗಿತ್ತು ಅಕ್ಕ," ಎಂದ. "ಪೆಡಲ್ಲು ಮೆತ್ತಗಾಗಿತ್ತು. ಇವರ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ಗೇರಲ್ಲೇ ಇಳಿಸ್ಕೊಂಡು ಬಂದುಬಿಡೋಣ ಅಂತ..."

ಕೆಳಗೆ, ಎರಡು ಕಿಲೋಮೀಟರಿನಾಚೆ, ಮಣ್ಣು ಮುಗಿದು ಟಾರಿನ ಮೊದಲ ತಿರುವು. ಅದರಾಚೆ ಏನೂ ಇರಲಿಲ್ಲ, ಮಂಜು ಬಿಟ್ಟರೆ. ನಾಲ್ವರೂ ಅತ್ತ ನೋಡಿದರು.

ಮೂರು ದಿನಗಳ ಮೇಲೆ ಕ್ರೇನು ಗಾಡಿಯನ್ನು ತಂದು ಅಂಗಡಿಯ ಮುಂದೆ ಇಳಿಸಿತು. ಅವಳು ಒಬ್ಬಳೇ ಟಾರ್ಚು ಹಿಡಿದು ಕೆಳಗೆ ತೂರಿದಳು. ಟೈರು ಪೈಪಿಗೆ ಉಜ್ಜಿದ ಗುರುತು ಹುಡುಕಿದಳು. ಒಂದು ಗೀರೂ ಇರಲಿಲ್ಲ. ಪೈಪು ಬಿರುಕು ಬಿಟ್ಟದ್ದು ಲೋಹದ ಕೊರಳಿನ ಹತ್ತಿರ, ಎಳೆದು ಎಳೆದು. ಅವಳು ಕಟ್ಟಿದ ಎರಡು ಪಟ್ಟಿ ಕಟ್ಟಿದ ಹಾಗೇ ಗಟ್ಟಿಯಾಗಿದ್ದವು. ನೆಲದ ಮೇಲೆ ನಿಂತ ಗಾಡಿಯ ಸ್ಟೇರಿಂಗನ್ನು ಎರಡೂ ಕಡೆ ತಿರುಗಿಸಿ ನೋಡಿದ್ದಳು, ನಿಜ. ಗುಂಡಿಗೆ ಇಳಿದ ಚಕ್ರ ಜೋತಾಡುವಾಗ ಪೈಪಿಗೆ ಎಷ್ಟು ಉದ್ದ ಬೇಕೆಂದು ನೋಡಿರಲಿಲ್ಲ. ಮೂವತ್ತಾರು ವರ್ಷ ಮಾಡಿದ ಕೆಲಸ. ಅವಳು ಅಲ್ಲೇ, ತಣ್ಣಗಿನ ಸಿಮೆಂಟಿನ ಮೇಲೆ, ಬಹಳ ಹೊತ್ತು ಮಲಗಿದ್ದಳು.

ಗಾಳಿಯಂತ್ರದ ಕಂಪನಿಯವರು ವಿಚಾರಿಸಲು ಬಂದಾಗ ತಮ್ಮ, "ಕಲ್ಲು ಹೊಡೆದಿರ್ಬೇಕು ಸಾರ್" ಎಂದ. ಅವಳು ತಡೆದಳು. "ಕಲ್ಲಲ್ಲ. ಪೈಪು ಕಟ್ಟಿದ್ದು ನಾನು, ಗಿಡ್ಡ ಆಯ್ತು. ನನ್ನ ತಪ್ಪು." ಬಂದವರು ಬರೆದುಕೊಂಡು ಹೋದರು. ಅವರ ಗಾಡಿಗಳು ಆ ಅಂಗಡಿಗೆ ಬರುವುದು ಅಂದಿಗೇ ನಿಂತಿತು.

"ಯಾರು ಕೇಳಿದ್ರು ನಿನ್ನ?" ಎಂದು ತಮ್ಮ ಸಿಡುಕಿದ. "ಹಟ ಮಾಡ್ದೋನು ನಾನು, ಬಾಯಿ ಮುಚ್ಕೊಂಡು ಇಳಿಸ್ದೋನು ನಾನು. ನಿಂಗ್ಯಾಕೆ ಬೇಕಿತ್ತು?"

"ಭುಜ ಮುರ್ಕೊಂಡೋನಿಗೆ ಏನಾಯ್ತು ಅಂತ ಗೊತ್ತಾಗ್ಬೇಡ್ವಾ?" ಎಂದಳು. ಅವನು ಎದ್ದು, ಗಾಡಿಯನ್ನು ಎಳೆಸಿಕೊಂಡು ಹೋದ. ಒಂದೂವರೆ ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಬೇರೆ ಕೆಲಸ ಸಿಗದೆ, ಅಥವಾ ಬೇರೆ ಕೆಲಸ ಬೇಡವಾಗಿ, ಅವನು ಮತ್ತೆ ಬೆಟ್ಟದ ದಾರಿ ಹಿಡಿದ. ಈಗ ಒಯ್ಯುತ್ತಿದ್ದದ್ದು ಸಾಮಾನು ಮಾತ್ರ. ಜನರನ್ನು ಯಾರೂ ಅವನ ಜೊತೆ ಕಳಿಸುತ್ತಿರಲಿಲ್ಲ. ಗಾಡಿಗೆ ಬೇರೆ ಕಡೆ ಹಾಕಿಸಿದ ಮೂವತ್ತೂವರೆ ಇಂಚಿನ ಟೈರು, ಮೊದಲಿನ ಸ್ಪ್ರಿಂಗು, ಹೊಸ ಪೈಪು. ಒಂದು ಬೆಳಗ್ಗೆ ಹೇಳದೆ ಕೇಳದೆ ತಂದು ಮಾಡಿನ ಕೆಳಗೆ ನಿಲ್ಲಿಸಿ, ಇಳಿಯದೆ ಹಾಗೇ ಕೂತ. ಮಳೆ ಇನ್ನೂ ಮುಗಿದಿರಲಿಲ್ಲ.

ಅವಳು ಮುಂಭಾಗವನ್ನು ಜಾಕಿನಲ್ಲಿ ಎತ್ತಿ, ಚಕ್ರಗಳನ್ನು ಜೋತುಬಿಟ್ಟು, ಗೋಣಿ ಹಾಸಿಕೊಂಡು ಕೆಳಗೆ ತೂರಿದಳು.

"ಬ್ರೇಕ್ ತುಳಿ ಮರಿ."

ಅವನು ತುಳಿದ. ಅವಳು ಪೈಪಿನ ಕೊರಳಿಗೆ ಬೆರಳು ಸುತ್ತಿ ಹಿಡಿದಳು. ಒಣಗಿಯೇ ಇತ್ತು.

"ಇನ್ನೊಂದ್ಸಲ."

ತುಳಿದ.

"ಇನ್ನೊಂದ್ಸಲ."

ಹೊರಗೆ ಎರಡು ಗಾಡಿಗಳು ಬಂದು, ಹಾರ್ನ್ ಹೊಡೆದು, ಕಾದು ಹೊರಟುಹೋದವು. ಅವನು ತುಳಿಯುತ್ತಲೇ ಇದ್ದ. ಸಾಕು ಎಂದು ಅವಳು ಹೇಳುತ್ತಲೇ ಇರಲಿಲ್ಲ.