ಬೆರಳಿಟ್ಟು ತೋರಿಸಿದ ಹೆಸರು

ಅಕ್ಕನ ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಹಿಪ್ಪುನೇರಳೆ ಸೊಪ್ಪು ಕಿತ್ತಾಗ ತೊಟ್ಟಿನಿಂದ ಒಸರುವ ಹಾಲು ಅಂಟಿ, ಒಣಗಿ, ಎಷ್ಟು ತೊಳೆದರೂ ಹೋಗದ ಕಪ್ಪು. ಉಗುರಿನ ನಡುವೆ ಒಂದು ಸೀಳು ಬೇರೆ. ಆ ಬೆರಳನ್ನು ಹಿಡಿದು ಹೊಲದ ಪಟ್ಟಾ ಪುಸ್ತಕದ ಒಂದು ಸಾಲಿನ ಮೇಲೆ ಇಟ್ಟು, "ನೋಡು, ಇದೇ ನಿನ್ನ ಹೆಸರು" ಎಂದು ಹೇಳಿದವನು ನಾನು. ಅದು ಅವಳ ಹೆಸರಲ್ಲ. ಅವಳ ಹೆಸರನ್ನು ಆ ಪುಸ್ತಕದಲ್ಲಿ ಬರೆಸುವುದು ನನ್ನ ಕೆಲಸವಾಗಿತ್ತು. ನಾನು ಬರೆಸಿರಲಿಲ್ಲ. ಓದು ಬಾರದ ಅಕ್ಕ ಆ ಸಾಲನ್ನು ಮೆಲ್ಲಗೆ ಸವರಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

ಇದನ್ನು ಮೊದಲೇ ಹೇಳದಿದ್ದರೆ ಮುಂದೆ ಬರೆಯಲು ನನಗೆ ಧೈರ್ಯ ಸಾಲದು. ಬರವಣಿಗೆಯೂ ನನಗೆ ಅಷ್ಟಕ್ಕಷ್ಟೇ. ಓದಿದ್ದು ನಾಲ್ಕನೆಯ ಕ್ಲಾಸು, ಅದೂ ಅಕ್ಕನಿಂದ. ಎಮ್ಮೆ ಮೇಯಿಸಲೆಂದು ಅಪ್ಪ ನನ್ನನ್ನು ಎರಡನೆಯ ಕ್ಲಾಸಿಗೇ ಬಿಡಿಸಲು ಹೊರಟಾಗ ಅವಳು ಅಡ್ಡ ನಿಂತಳು.

"ಎಮ್ಮೆ ನಾನ್ ಹೊಡ್ಕಂಡ್ ಹೋಗ್ತೀನಿ. ಮನೇಲಿ ಒಬ್ರಿಗಾದ್ರೂ ಅಕ್ಷರ ಬರ್ಲಿ. ಇಲ್ದಿದ್ರೆ ಕಂಡೋರು ಓದಿ ಹೇಳಿದ್ದೇ ನಿಜ ಅಂದ್ಕಂಡು ಕೂತಿರ್ಬೇಕಾಯ್ತದೆ."

ಅವಳನ್ನು ಹತ್ತಿರದ ಮಧುರೆ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಆಗ ಅಪ್ಪ, ಪೇಟೆಗೆ ತಾಗಿದಂತಿದ್ದ ನಮ್ಮ ಮುಕ್ಕಾಲು ಎಕರೆ ಹೊಲವನ್ನು ಅರಿಶಿನ ಕುಂಕುಮಕ್ಕೆಂದು ಅವಳಿಗೆ ಕೊಟ್ಟ. ಮಗಳಿಗೆ ಹಾಗೆ ಕೊಡುವ ಭೂಮಿಗೆ ನಮ್ಮ ಕಡೆ ಕಾಗದ ಮಾಡುವವರು ಕಡಿಮೆ. ಹತ್ತು ಜನರ ಮುಂದೆ ಹೇಳಿದರೆ ಮುಗಿಯಿತು. ಪುಸ್ತಕದಲ್ಲಿ ಹೊಲ ಅಪ್ಪನ ಹೆಸರಿನಲ್ಲೇ ಉಳಿದು, ಅಪ್ಪ ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂತು.

ಭಾವ ಕೋಲಾರದ ಕಡೆ ಚಿನ್ನದ ಗಣಿ ಕೆಲಸಕ್ಕೆ ಹೋದ. ಎರಡು ಸಲ ಬಂದ, ಮೂರನೆಯ ಸಲ ಬರಲಿಲ್ಲ. ಅಕ್ಕ ಮೂರು ವರ್ಷ ಕಾದು, ಒಂದು ಬಟ್ಟೆ ಗಂಟು ಹಿಡಿದು ತವರಿಗೆ ಬಂದಳು. ಬಾವಿಕಟ್ಟೆಯ ಹೆಂಗಸರು ಕನಿಕರದಿಂದ ಕೆದಕಿದರೆ ಅವಳ ಉತ್ತರ ಒಂದೇ: "ಸತ್ತಿಲ್ಲ ಕಣಮ್ಮ, ಬರ್ಲಿಲ್ಲ ಅಷ್ಟೇ. ಸತ್ತಿದ್ರೆ ಯಾರಾದ್ರೂ ಒಂದು ಕಾಗ್ದ ಹಾಕೋರು." ಹಣೆಯ ಕುಂಕುಮ ಅಂದಿನಿಂದ ಇನ್ನಷ್ಟು ಅಗಲವಾಯಿತು.

ಆ ಮುಕ್ಕಾಲು ಎಕರೆಗೆ ಅವಳು ಹಿಪ್ಪುನೇರಳೆ ಕಡ್ಡಿ ನೆಟ್ಟಳು. ಅಂಚಿನಲ್ಲಿ ಹುಲ್ಲು ಹೊದಿಸಿದ ಒಂದು ಹುಳದ ಮನೆ ಕಟ್ಟಿಕೊಂಡು ರೇಷ್ಮೆ ಸಾಕಲು ಕೂತಳು. ಅದರೊಳಕ್ಕೆ ಹೋಗುವುದು ದೇವರ ಮನೆಗೆ ಹೋಗುವುದಕ್ಕಿಂತ ಕಷ್ಟ. ಬಾಗಿಲಲ್ಲಿ ನಮ್ಮ ಕೈ ಮೂಸಿ, ಬಾಯಿ ಮೂಸಿ ಒಳಗೆ ಬಿಡುತ್ತಿದ್ದಳು.

"ಬೀಡಿ ಸೇದ್ಬಿಟ್ ಬಂದಿದೀಯ. ಆಚೇಲೇ ನಿಂತ್ಕಂಡ್ ಮಾತಾಡು."

"ಹುಳಕ್ಕೇನ್ ಗೊತ್ತಾಗ್ತದೆ ಅಕ್ಕ? ಬಾಯಿಲ್ಲದ ಪ್ರಾಣಿ."

"ಬಾಯಿಲ್ಲ ಅನ್ಬೇಡ ಕಣೋ. ಅದಕ್ಕಿರೋದೇ ಬಾಯಿ ಒಂದು."

ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂರುತ್ತದೆ. ಅದನ್ನು ಜ್ವರ ಎನ್ನುತ್ತೇವೆ. ಅಂಥ ನಾಲ್ಕು ಜ್ವರ ದಾಟಿದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ತಟ್ಟೆಗೆ ಸೊಪ್ಪು ಹಾಕಿದರೆ ಸೋನೆ ಮಳೆ ಬಿದ್ದಂತೆ ಸದ್ದು. ಅಕ್ಕ ಆ ಸದ್ದು ಕೇಳುತ್ತ ಗೋಡೆಗೆ ಒರಗಿ ಕೂರುವಳು. "ಊಟ ಮಾಡೋರ್ನ ನೋಡ್ತಾ ಕೂತ್ರೆ ನಮ್ಮೊಟ್ಟೆ ತುಂಬ್ತದೆ" ಎನ್ನುವಳು. ನಿಜಕ್ಕೂ ಆ ದಿನಗಳಲ್ಲಿ ಅವಳು ಉಣ್ಣುವುದನ್ನೇ ಮರೆಯುತ್ತಿದ್ದಳು.

ವರ್ಷಕ್ಕೊಮ್ಮೆ, ಕಂದಾಯ ಕಟ್ಟಿ ಬಂದ ದಿನ, ಅವಳು ಕೇಳುವಳು: "ನನ್ನ ಹೆಸ್ರು ಬಂತೇನೋ?" ಶಾನುಭೋಗರು ನನಗೆ ಹಲವು ಸಲ ಹೇಳಿದ್ದರು, ಒಂದು ಅರ್ಜಿ ಕೊಡು, ಅಕ್ಕನ ಹೆಸರಿಗೆ ಖಾತೆ ಮಾಡಿಸೋಣ ಎಂದು. ಇವತ್ತು ನಾಳೆ ಎಂದು ತಳ್ಳಿದೆ. ಸೋಮಾರಿತನ ಎಂದುಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ ಬರೀ ಸೋಮಾರಿತನವಲ್ಲ. ಪುಸ್ತಕದಲ್ಲಿ ನನ್ನ ಹೆಸರು ಇರುವುದು ನನಗೆ ಹಿತವಾಗಿತ್ತು. ಒಂದು ವರ್ಷ ಅವಳು ಬಿಡದೆ ಕೇಳಿದಾಗ, ಬೇಸತ್ತು, ಅವಳ ಬೆರಳನ್ನು ಹಿಡಿದು ನನ್ನ ಹೆಸರಿನ ಮೇಲೆ ಇಟ್ಟೆ.

ನಾನು ಆಗ ನೂಲಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಯುದ್ಧದ ಕಾಲ. ಪೇಟೆಯಲ್ಲಿ ಮಗ್ಗ ಹೆಚ್ಚಿ, ಜಾಗ ಸಾಲದೆ, ಊರಾಚೆ ರಸ್ತೆ ಬದಿಗೆ ಮೂವತ್ತು ಮನೆಗಳ ಒಂದು ಸಾಲು ಎದ್ದಿತ್ತು. ನನ್ನ ಮನೆಯೂ ಆ ಸಾಲಿನಲ್ಲಿ. ಪುರಸಭೆಯ ಎಲ್ಲೆಕಲ್ಲು ನಮ್ಮ ಸಾಲು ಮುಟ್ಟುವ ಮುಂಚೆಯೇ ನಿಂತುಬಿಟ್ಟಿತ್ತು. ಸಂಜೆ ಬೀದಿದೀಪ ಹಚ್ಚುವವನು ಏಣಿ ಹೊತ್ತು ಆ ಕಲ್ಲಿನವರೆಗೆ ಬಂದು ಹಿಂದಿರುಗುವನು. ನಲ್ಲಿಯೂ ಅಲ್ಲಿಗೇ ಕೊನೆ. ನಮ್ಮ ಹೆಂಗಸರು ಅಲ್ಲಿ ನೀರು ಹಿಡಿಯಲು ಹೋದರೆ, "ನೀವು ಹಳ್ಳಿಯೋರು, ಕೆರೆಗೋಗ್ರಮ್ಮ" ಎಂದು ಓಡಿಸುತ್ತಿದ್ದರು.

ನಮ್ಮನ್ನೂ ಪಟ್ಟಣಕ್ಕೆ ಸೇರಿಸಿಕೊಳ್ಳಿ ಎಂದು ಸಾಲಿನವರೆಲ್ಲ ಸೇರಿ ಅರ್ಜಿ ಕೊಟ್ಟೆವು. ಮುಂದಾಳು ನಮ್ಮ ಅಂಗಡಿಯ ಯಜಮಾನರು. ಬರೀ ಮನೆಗಳನ್ನು ಸೇರಿಸಲು ಬರುವುದಿಲ್ಲ, ಕಲ್ಲಿಗೂ ಸಾಲಿಗೂ ನಡುವೆ ಇರುವ ಜಮೀನೂ ಸೇರಬೇಕು, ಅದರಲ್ಲಿ ರಸ್ತೆ ಮತ್ತು ನಿವೇಶನ ಮಾಡಬೇಕು, ಖಾತೆದಾರನ ಒಪ್ಪಿಗೆ ಬೇಕು ಎಂದು ಮೇಲಿನಿಂದ ಉತ್ತರ ಬಂತು. ನಡುವೆ ಇದ್ದದ್ದು ಅಕ್ಕನ ಹಿಪ್ಪುನೇರಳೆ.

ಯಜಮಾನರು ನನ್ನನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು ಕಾಫಿ ತರಿಸಿದರು. ಅದುವರೆಗೆ ನಾನು ಅಲ್ಲಿ ಕೂತವನಲ್ಲ.

"ಒಪ್ಪಿಗೆ ಕೊಡಪ್ಪ. ಮೂಲೆ ಸೈಟು ನಿಂಗೇ."

"ಹೊಲ ಅಕ್ಕಂದು, ಯಜಮಾನ್ರೆ. ಕೇಳ್ಬೇಕು."

ಅವರು ಅಂಗಡಿಯಲ್ಲಿದ್ದವರ ಕಡೆ ತಿರುಗಿ ನಕ್ಕರು. "ಕೇಳಿದ್ರಾ? ಖಾತೆ ಇವಂದು, ಮಾತು ಅಕ್ಕಂದು."

ಎಲ್ಲರೂ ನಕ್ಕರು. ಆಮೇಲೆ ಎಷ್ಟೋ ದಿನ ಸಾಲಿನಲ್ಲಿ ನಾನು ಹೋದಲ್ಲೆಲ್ಲ ಆ ಮಾತು ಬಂತು. ನಲ್ಲಿಗೆ ಅಡ್ಡವಾದವನು ನಾನೇ ಎಂದು ಸಾಲಿನ ಹೆಂಗಸರು ಕೆರೆಯ ಹತ್ತಿರ ನನ್ನ ಹೆಂಡತಿಯ ಕೊಡವನ್ನೂ ಪಕ್ಕಕ್ಕಿಟ್ಟರು.

ಅಮಲ್ದಾರರು ಮಹಜರಿಗೆ ಬರುವ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ಅಕ್ಕನಿಗೆ ವಿಷಯ ತಿಳಿಸಲು ಹುಳದ ಮನೆಗೆ ಹೋದೆ. ಹುಳ ಹಣ್ಣಾಗಿದ್ದವು. ಹಣ್ಣಾದ ಹುಳವನ್ನು ಆಯ್ದು ಗೂಡು ಕಟ್ಟುವ ಚಂದ್ರಂಕಿಗೆ ಆಗಿಂದಾಗಲೇ ಬಿಡಬೇಕು, ತಡವಾದರೆ ನೂಲು ತಟ್ಟೆಯಲ್ಲೇ ವ್ಯರ್ಥ. ಅಕ್ಕ ತಲೆ ಎತ್ತದೆ ಹೇಳಿದಳು:

"ನಾನ್ ಬರಕ್ಕಾಗಲ್ಲ. ನೀನೇ ಸಾಹೇಬ್ರಿಗೆ ಹೇಳು, ನಮ್ಮಕ್ಕ ಕೊಡಲ್ಲ ಅಂತವ್ಳೆ ಅಂತ. ಹೆದ್ರಿಕೆ ಯಾಕೆ? ಪುಸ್ತಕದಾಗೆ ನನ್ ಹೆಸ್ರೈತಲ್ಲ."

ಹೊಂಗೆಮರದ ಕೆಳಗೆ ಮೇಜು ಹಾಕಿದ್ದರು. ಸಾಲಿನ ಜನವೆಲ್ಲ ಸುತ್ತ ನಿಂತಿದ್ದರು. ಅಮಲ್ದಾರರು ನನ್ನ ಹೆಸರು ಕೂಗಿ, "ಈ ಜಮೀನು ಪಟ್ಟಣಕ್ಕೆ ಸೇರೋದಕ್ಕೆ ನಿಮ್ಮದೇನಾದ್ರೂ ತಕರಾರಿದೆಯೇನ್ರಿ?" ಎಂದು ಕೇಳಿದರು. ಬರೆಯುತ್ತ ಕೂತಿದ್ದ ಶಾನುಭೋಗರು ಲೇಖನಿ ಎತ್ತಿ, "ಸ್ವಾಮಿ, ಅನುಭವದಲ್ಲಿರೋದು ಇವನ ಅಕ್ಕ. ಆಕೇನೂ ಒಂದು ಮಾತು ಕೇಳಿದ್ರೆ..." ಎಂದರು. ಯಾರೋ ಹಿಂದಿನಿಂದ ಕೆಮ್ಮಿದರು. ಆ ಕೆಮ್ಮಿನಲ್ಲಿ ನಗು ಇತ್ತು.

"ಅದು ಮನೆ ಮಾತು ಸ್ವಾಮಿ. ತಕರಾರಿಲ್ಲ" ಎಂದೆ. ಚೆನ್ನಾಗಿ ಕಾಣಲೆಂದು ದೊಡ್ಡದಾಗಿ ರುಜು ಹಾಕಿದೆ.

ಹಿಂದಿರುಗಿದಾಗ ಅಕ್ಕ ಕೇಳಿದಳು, "ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಬರ್ಕಂಡ್ರು."

ಮುಂದಿನ ಬೆಳೆಗೆ ಹುಳ ನಾಲ್ಕನೆಯ ಜ್ವರದಿಂದ ಎದ್ದ ದಿನವೇ ಅಳತೆಯ ಸರಪಳಿ ಹಿಡಿದವರು, ಗುದ್ದಲಿ ಹಿಡಿದವರು ಬಂದರು. ಅಕ್ಕ ಎರಡು ಕೈಗಳಲ್ಲೂ ಸೊಪ್ಪು ಹಿಡಿದುಕೊಂಡೇ ಅವರಿಗೆ ಅಡ್ಡ ಹೋದಳು. "ಎಂಟ್ ದಿನ ತಡೀರಪ್ಪ. ಹಸ್ದವೆ" ಎಂದು ಬೇಡಿದಳು. ಅವರು ಬೇರು ಸಮೇತ ಕಿತ್ತರು. ಕಿತ್ತ ಗಿಡದ ಸೊಪ್ಪು ಎರಡು ದಿನಕ್ಕೆ ಬಾಡಿತು. ಮೂರನೆಯ ದಿನ ನಾನು ಹುಳದ ಮನೆಗೆ ಹೋದಾಗ ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿ ಅತ್ತ ಇತ್ತ ತೂಗುತ್ತಿದ್ದವು. ಸದ್ದಿರಲಿಲ್ಲ. ಅಕ್ಕ ನನ್ನ ಬಾಯಿ ಮೂಸಲಿಲ್ಲ.

ಅವಳು ಪಟ್ಟಾ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ತಾಲ್ಲೂಕು ಕಚೇರಿಗೆ ಹೊರಟಳು. ನನ್ನನ್ನೂ ಕರೆದಳು, ಓದಿ ಹೇಳಲು ಒಬ್ಬರು ಬೇಕಲ್ಲ ಎಂದು. ಗುಮಾಸ್ತೆಯ ಮುಂದೆ ಪುಸ್ತಕ ಬಿಚ್ಚಿ, ತಡಕಾಡದೆ, ಸರಿಯಾಗಿ ಆ ಸಾಲಿನ ಮೇಲೇ ಬೆರಳಿಟ್ಟಳು.

"ಇಗಳಪ್ಪ, ನನ್ ಹೆಸ್ರು. ನನ್ನ ಕೇಳ್ದೆ ಹೆಂಗ್ ಕಿತ್ರಿ?"

ಗುಮಾಸ್ತೆ ಬಗ್ಗಿ ನೋಡಿದ. "ಇದು ಗಂಡಸಿನ ಹೆಸರು ಕಣಮ್ಮ." ಪಕ್ಕದ ಮೇಜಿನವರು ನಕ್ಕರು.

ಅಕ್ಕ ತಿರುಗಿ ನನ್ನನ್ನು ನೋಡಿದಳು. ಸಂಶಯವಿರಲಿಲ್ಲ ಆ ನೋಟದಲ್ಲಿ, ಇವರಿಗೆ ತಿಳಿಸಿ ಹೇಳು ಎಂಬ ನೆಚ್ಚಿಕೆ ಇತ್ತು. "ನೀನೇ ತೋರ್ಸಿದ್ದಲ್ವೇನೋ? ಹೇಳೋ."

"ನಂಗೂ ಗೊತ್ತಾಗ್ತಿಲ್ಲ ಅಕ್ಕ. ಏನೋ ಬದಲಾಗೈತೆ" ಎಂದೆ.

ಅವಳು ಪುಸ್ತಕ ಮುಚ್ಚಿದಳು. ಮೆಟ್ಟಿಲಿಳಿಯುವಾಗ ತಾನೇ ತೀರ್ಮಾನಕ್ಕೆ ಬಂದಳು: "ಶಾನ್ಬೋಗ ಅಳಿಸ್ಬಿಟ್ಟವ್ನೆ."

ನಾನು ಇಲ್ಲ ಎನ್ನಲಿಲ್ಲ.

ಕೈಗೆ ಹುಳ ಬೀಳ ಎಂದು ಶಪಿಸುವುದು ನಮ್ಮ ಕಡೆಯ ಮಾತು. ಅಕ್ಕ ಹುಳದ ಹೆಸರೆತ್ತಿ ಶಪಿಸುವವಳಲ್ಲ. ಶಾನುಭೋಗರು ಕೊಡೆ ಹಿಡಿದು ಬೀದಿಯಲ್ಲಿ ಬಂದರೆ, "ನೀನ್ ಬರ್ದಿದ್ದೆಲ್ಲ ಅಳ್ಸೋಗ್ಲಿ" ಎನ್ನುವಳು. ಆ ಮನುಷ್ಯ ತಲೆ ತಗ್ಗಿಸಿ ಹೋಗುತ್ತಿದ್ದರು. ಒಮ್ಮೆ ನನ್ನನ್ನು ತಡೆದು ನಿಲ್ಲಿಸಿದರು.

"ಏನಯ್ಯಾ, ನೀನಾಗಿ ಹೇಳ್ತೀಯೋ, ನಾನು ಹೇಳ್ಲೋ?"

"ಇನ್ನೊಂದ್ ನಾಕ್ ದಿನ ಸ್ವಾಮಿ."

"ನಾನು ಹೇಳಿದ್ರೆ ಆಕೆಗೆ ಜಮೀನು ಹೋದ ಹಾಗೆ ತಮ್ಮನೂ ಹೋದ. ನೀನೇ ಹೇಳು. ಅಲ್ಲೀತನಕ ಬೈಸ್ಕೋತೀನಿ."

ವರ್ಷಗಟ್ಟಲೆ ಬೈಸಿಕೊಂಡರು.

ನಾವು ಪಟ್ಟಣಕ್ಕೆ ಸೇರಿದೆವು. ಎಲ್ಲೆಕಲ್ಲನ್ನು ಕಿತ್ತು ಸಾಲಿನಾಚೆ ನೆಟ್ಟರು. ಹೊಸ ರಸ್ತೆಯ ದೀಪದ ಕಂಬಗಳು ಯಜಮಾನರ ಹೊಸ ಉಗ್ರಾಣದ ಬಾಗಿಲಿಗೆ ಬಂದು ನಿಂತವು, ನಲ್ಲಿಯೂ ಅಲ್ಲೇ, ನಮ್ಮ ಸಾಲಿನವರೆಗೆ ಬರಲಿಲ್ಲ. ಮೂಲೆ ಸೈಟಿನ ಮಾತೆತ್ತಿದರೆ, "ಯಾವ ಸೈಟಪ್ಪ?" ಎಂದರು. ಅದರಲ್ಲಿ ಅವರ ಅಳಿಯ ಅಡಿಪಾಯ ತೋಡಿಸುತ್ತಿದ್ದ. ಸೈಟು ಕೊಡ್ತೀನೆಂದು ಕೈಕೊಟ್ಟರು ಎಂದಷ್ಟೇ ಅಕ್ಕನಿಗೆ ಹೇಳಿದೆ, ಯಾತಕ್ಕೆಂದು ಹೇಳಲಿಲ್ಲ. ಅವಳು ನನ್ನ ಬೆನ್ನು ಸವರಿದಳು. "ಇಬ್ರಿಗೂ ಮೋಸ ಮಾಡ್ಬಿಟ್ರಲ್ಲೋ ತಮ್ಮ" ಎಂದಳು. ಅವಳು ಬೈದಿದ್ದರೆ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಆಗ ಅವಳು ನಮ್ಮ ಮನೆಯಲ್ಲೇ ಇದ್ದಳು. ಬೆಳೆ ಬಂದಾಗ ಯಾರ ಯಾರದೋ ಹುಳದ ಮನೆಗೆ ಕೂಲಿಗೆ ಹೋಗುವಳು. ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ನಾನು ತಡವಾಗಿ ಬಂದರೆ ಊಟಕ್ಕೆ ಕಾದಳು.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಒಂದು ಬೆಳಿಗ್ಗೆ, ಶಾನುಭೋಗರು ತೀರಿಕೊಂಡರೆಂದು ಮೊಸರಿನವಳು ಹೇಳಿ ಹೋದಳು. ಅಕ್ಕ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಎದ್ದಳು.

"ಸತ್ತೋರ ಮೇಲೆ ಹಗೆ ಇಟ್ಕಬಾರ್ದು. ಮುಖ ನೋಡಿ, ಹೋಗಪ್ಪ, ನಿನ್ ತಪ್ಪು ಮನ್ನಿಸ್ದೆ ಅಂದ್ಬಿಟ್ ಬರ್ತೀನಿ. ನೀನೂ ಬಾ."

ಅಷ್ಟು ಜನರೆದುರು, ಆ ಮನೆಯ ಹೆಣ್ಣುಮಕ್ಕಳೆದುರು, ಮಾಡದ ತಪ್ಪಿಗೆ ಸತ್ತವನನ್ನು ಕ್ಷಮಿಸಲು ಅಕ್ಕ ಮುಂದೆ ಮುಂದೆ ನಡೆಯುತ್ತಿದ್ದಳು. ನಾನು ಹಿಂದೆ. ಅವರ ಬೀದಿಯ ತಿರುವು ಬಂದಾಗ ನನ್ನ ಕಾಲು ನಿಂತಿತು. ಅಲ್ಲೇ ಹೇಳಿದೆ.

ಕೇಳಿ ಅವಳು ಒಬ್ಬಳೇ ಆ ಮನೆಗೆ ಹೋಗಿ, ಹೆಣದ ಕಾಲಿನ ಬಳಿ ಬಹಳ ಹೊತ್ತು ಹಣೆ ಊರಿದ್ದಳು ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಅಲ್ಲಿಂದ ನೇರವಾಗಿ ಮಧುರೆಯ ದಾರಿ ಹಿಡಿದಳು. ಗಂಡನಿಲ್ಲದ ಗಂಡನ ಊರಿನಲ್ಲಿ, ಯಾರದೋ ಹುಳದ ಮನೆಯ ಪಕ್ಕ ಒಂದು ಕೋಣೆಯಲ್ಲಿ ಎರಡು ವರ್ಷ ಬದುಕಿದಳು. ನಾನು ಹೋದಾಗಲೆಲ್ಲ ಚಾಪೆ ಹಾಸುವಳು, ನೀರು ಕೊಡುವಳು, ಮಕ್ಕಳನ್ನು ವಿಚಾರಿಸುವಳು. ತಮ್ಮ ಎಂದು ಮಾತ್ರ ಮತ್ತೆ ಕರೆಯಲಿಲ್ಲ. ಹಾಗೆಯೇ ಹೋದಳು. ನನ್ನನ್ನು ಓದಿಸಿದವಳು ಅವಳು. ಆ ಓದಿನಿಂದ ಅವಳಿಗೆ ನಾನು ಮಾಡಿದ್ದು ಇದು.

ಆ ತಿರುವಿನಲ್ಲಿ ನಿಂತು ನಾನು ಹೇಳಿದ ಮಾತು ಇಷ್ಟು:

"ಅಕ್ಕ, ನಿಂತ್ಕೋ. ಅವರೇನೂ ಅಳಿಸ್ಲಿಲ್ಲ. ನಿನ್ ಹೆಸರನ್ನ ನಾನು ಬರೆಸೇ ಇರ್ಲಿಲ್ಲ. ನಿಂಗೆ ತೋರ್ಸಿದ್ದು ನನ್ ಹೆಸ್ರು. ಮಹಜರಲ್ಲಿ ಒಪ್ಪಿಗೆ ಕೊಟ್ಟೋನೂ ನಾನೇ. ಅವರು ನಿನ್ ಪರವಾಗೇ ಮಾತಾಡಿದ್ರು, ನಾನು ಬಾಯಿ ಮುಚ್ಚಿಸ್ದೆ. ತಪ್ಪಾಯ್ತು ಅಕ್ಕ."